ಕರ್ತೃಪದವಿಲ್ಲದ ಎಚ್ಚರಿಕೆ

(ಬಾನುಲಿ ಭಾಷಣ)



ವ್ಯಾಕರಣ ಕಲಿಸುವ ಉಪಾಧ್ಯಾಯರು ಕಪ್ಪುಹಲಗೆಯ ಮೇಲೆ ಒಂದು ವಾಕ್ಯ ಬರೆದು, "ಇದರಲ್ಲಿ ಕರ್ತೃಪದ ಯಾವುದು?" ಎಂದು ಕೇಳುವುದು ವಾಡಿಕೆ. ಕನ್ನಡದಲ್ಲಿ ಕರ್ತೃಪದವನ್ನು ಬಿಟ್ಟೂ ವಾಕ್ಯ ನಡೆಯುತ್ತದೆ. 'ಬಂದೆನು' ಎಂದರೆ ಬಂದವನು ನಾನು ಎಂಬುದನ್ನು ಕ್ರಿಯಾಪದವೇ ಹೇಳಿಬಿಡುತ್ತದೆ. ಆದರೆ ಎಲ್ಲ ವಾಕ್ಯಗಳಿಗೂ ಈ ಸೌಲಭ್ಯವಿಲ್ಲ. ಕೆಲವು ಕಡೆ ಆ ಪದ ಬಿಟ್ಟುಹೋದರೆ, ಕೇಳಿದವನು ತನಗೆ ತೋಚಿದ್ದನ್ನು ಅಲ್ಲಿ ತುಂಬಿಕೊಳ್ಳುತ್ತಾನೆ, ಅರ್ಥ ಅನರ್ಥವಾಗುತ್ತದೆ.

ಕೋಟಿಗಟ್ಟಲೆ ಜನರ ಕಣ್ಣಿಗೆ ಬೀಳುವ ಅಂಥದೊಂದು ವಾಕ್ಯ ನಮ್ಮ ಕಾಲದಲ್ಲಿ ಹುಟ್ಟಿದೆ. ಗಣಕಯಂತ್ರದಲ್ಲಾಗಲಿ ಕೈಯ ಫೋನಿನಲ್ಲಾಗಲಿ ಅಂತರಜಾಲದ ಪುಟವೊಂದನ್ನು ತೆರೆದಾಗ, ಬ್ರೌಸರಿನ ನೆತ್ತಿಯಲ್ಲಿ, ವಿಳಾಸದ ಪಕ್ಕದಲ್ಲಿ, 'ನಾಟ್ ಸೆಕ್ಯೂರ್' ಎಂಬ ಎರಡು ಇಂಗ್ಲಿಷ್ ಮಾತುಗಳು ಕಾಣಿಸಿಕೊಳ್ಳುವುದುಂಟು. ಕೆಲವೊಮ್ಮೆ ಮಾತಿನ ಬದಲು ಒಂದು ತ್ರಿಕೋನದ ಗುರುತು ಮಾತ್ರ ಇರುತ್ತದೆ. ಕನ್ನಡದಲ್ಲಿ ಹೇಳುವುದಾದರೆ, 'ಸುರಕ್ಷಿತವಲ್ಲ'. ಯಾವುದು ಸುರಕ್ಷಿತವಲ್ಲ? ಆ ಪುಟವೆ? ಅದನ್ನು ನಡೆಸುವ ಸಂಸ್ಥೆಯೆ? ನನ್ನ ಫೋನೆ? ಬ್ಯಾಂಕಿನಲ್ಲಿರುವ ನನ್ನ ಹಣವೆ? ಎಚ್ಚರಿಕೆ ಅದನ್ನು ಹೇಳುವುದಿಲ್ಲ. ಆ ಬಿಟ್ಟ ಸ್ಥಳವನ್ನು ತುಂಬುವುದೇ ನನ್ನ ಇಂದಿನ ಮಾತಿನ ಉದ್ದೇಶ.

ಇದು ಬೆಂಗಳೂರಿನ ತಂತ್ರಜ್ಞರಿಗೆ ಸೇರಿದ ವಿಚಾರ, ಬೀದರಿನವರಿಗೂ ಭಾಲ್ಕಿ ಔರಾದಿನವರಿಗೂ ಏತಕ್ಕೆ ಎಂದು ಯಾರಾದರೂ ಕೇಳಬಹುದು. ವಾಸ್ತವವಾಗಿ ಇದು ನಮಗೇ ಹೆಚ್ಚು ಸೇರಿದ್ದು. ಔರಾದ್ ತಾಲೂಕಿನ ಒಬ್ಬ ರೈತ ಪಹಣಿ ಪಡೆಯಬೇಕಾದರೆ, ಸೋಯಾಬೀನು ತೊಗರಿಗಳಿಗೆ ಬೆಳೆವಿಮೆ ಮಾಡಿಸಬೇಕಾದರೆ, ಮಗಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕಾದರೆ, ವೃದ್ಧಾಪ್ಯವೇತನದ ಗತಿಯೇನಾಯಿತೆಂದು ತಿಳಿಯಬೇಕಾದರೆ, ಇಂದು ಅಂತರಜಾಲದ ಬಾಗಿಲನ್ನೇ ತಟ್ಟಬೇಕು. ಅನೇಕರು ಅದನ್ನು ಸ್ವತಃ ತಟ್ಟುವುದಿಲ್ಲ. ಬಸ್‌ಸ್ಟ್ಯಾಂಡಿನ ಬಳಿಯ ಝೆರಾಕ್ಸ್ ಅಂಗಡಿಯಲ್ಲೋ ಆನ್‌ಲೈನ್ ಸೆಂಟರಿನಲ್ಲೋ ಕುಳಿತ ತರುಣ ಅವರ ಪರವಾಗಿ ತಟ್ಟುತ್ತಾನೆ. ಆಧಾರ್ ಸಂಖ್ಯೆ, ಬ್ಯಾಂಕಿನ ಖಾತೆ, ಫೋನಿಗೆ ಬಂದ ಒಟಿಪಿ, ಎಲ್ಲವೂ ಅವನ ಬೆರಳಿನಡಿಯಲ್ಲಿ ಹಾದುಹೋಗುತ್ತವೆ. ಆಗ ಪರದೆಯ ಮೇಲೆ ಎಚ್ಚರಿಕೆಯೊಂದು ಮೂಡಿತೆನ್ನಿ. ಎದುರು ನಿಂತ ಹಿರಿಯರು, "ಏನದು ತಮ್ಮಾ?" ಎಂದರೆ, "ಏನೂ ಆಗಲ್ಲ ಕಾಕಾ, ದಿನಾ ಹಿಂಗೇ ಬರತದ" ಎಂಬ ಉತ್ತರ ಬರುತ್ತದೆ. ಉತ್ತರ ಕೆಲವೊಮ್ಮೆ ನಿಜವಾಗಿಯೇ ಇರುತ್ತದೆ. ಕೆಲವೊಮ್ಮೆ ಅದು ಇಡೀ ಊರಿನ ಗಂಟನ್ನು ದಾರಿಯಲ್ಲಿ ಬಿಚ್ಚಿಟ್ಟಂತಾಗುತ್ತದೆ. ಎರಡರ ನಡುವಣ ವ್ಯತ್ಯಾಸವನ್ನು ಅರಿಯಬೇಕಾದವನು ಆ ಒಬ್ಬ ತರುಣ. ಅದರ ಫಲವನ್ನು ಉಣ್ಣುವವರು ನೂರಾರು ಮಂದಿ.

ಮೊದಲು ಈ ಎಚ್ಚರಿಕೆ ಹುಟ್ಟಿದ ಬಗೆಯನ್ನು ನೋಡೋಣ. ಅಂತರಜಾಲದ ಪುಟಗಳನ್ನು ತರಿಸಿಕೊಳ್ಳುವ ಮೂಲ ಪದ್ಧತಿಗೆ ಎಚ್‌ಟಿಟಿಪಿ ಎಂದು ಹೆಸರು. ಜಿನೀವಾ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್ ಲೀ 1989ರಿಂದ 1991ರ ಅವಧಿಯಲ್ಲಿ ಅದನ್ನು ರೂಪಿಸಿದರು. ವಿಜ್ಞಾನಿಗಳು ತಮ್ಮ ಲೇಖನಗಳನ್ನು ಒಬ್ಬರಿಗೊಬ್ಬರು ತೋರಿಸುವುದಕ್ಕೆ ಆದ ಏರ್ಪಾಡು ಅದು. ಅಲ್ಲಿ ಗುಟ್ಟೇನೂ ಇರಲಿಲ್ಲ. ಆದುದರಿಂದ ಗುಟ್ಟನ್ನು ಕಾಯುವ ವ್ಯವಸ್ಥೆಯೂ ಇರಲಿಲ್ಲ. ಹೀಗೆ ಬರುವ ಪುಟವೂ ಹೋಗುವ ಉತ್ತರವೂ ಅಂಚೆಯ ಕಾರ್ಡಿನಂತೆ. ಔರಾದಿನಿಂದ ಹೊರಟ ಕಾರ್ಡು ಬೀದರಿನ ಮನೆ ಸೇರುವ ಮೊದಲು ಎಷ್ಟು ಕೈಗಳಲ್ಲಿ ಹಾದುಹೋಗುತ್ತದೆಯೋ ಅಷ್ಟೂ ಕೈಗಳಿಗೆ ಅದರ ಒಕ್ಕಣೆ ತೆರೆದೇ ಇರುತ್ತದೆ. ಅಂತರಜಾಲದಲ್ಲಿ ಆ ಕೈಗಳೆಂದರೆ, ಅಂಗಡಿಯ ಗೋಡೆಗೆ ತೂಗಿದ ವೈಫೈ ಪೆಟ್ಟಿಗೆ, ಸಂಪರ್ಕ ಕೊಟ್ಟ ಕಂಪನಿ, ಅಲ್ಲಿಂದ ಮುಂದಿನ ಕವಲುದಾರಿಗಳ ಯಂತ್ರಗಳು. ಕಾರ್ಡನ್ನು ಓದುವುದಷ್ಟೇ ಅಲ್ಲ, ಬೇಕೆಂದರೆ ಮಧ್ಯದಲ್ಲಿ ಎರಡು ಸಾಲು ಸೇರಿಸುವುದಕ್ಕೂ ಅಳಿಸುವುದಕ್ಕೂ ಅಲ್ಲಿ ಅವಕಾಶವಿದೆ.

ಇದು ಬರಿಯ ಕಲ್ಪನೆಯ ಭಯವೆಂದು ತಿಳಿಯಬಾರದು. 2010ರ ಅಕ್ಟೋಬರಿನಲ್ಲಿ ಎರಿಕ್ ಬಟ್ಲರ್ ಎಂಬ ಅಮೆರಿಕದ ತಂತ್ರಜ್ಞರು 'ಫೈರ್‌ಶೀಪ್' ಎಂಬ ಸಣ್ಣ ಸಲಕರಣೆಯನ್ನು ಪ್ರಕಟಿಸಿದರು. ಕಾಫಿ ಅಂಗಡಿಯ ಸಾರ್ವಜನಿಕ ವೈಫೈನಲ್ಲಿ ಕುಳಿತು ಅದನ್ನು ಚಾಲೂ ಮಾಡಿದರೆ, ಅದೇ ಅಂಗಡಿಯಲ್ಲಿ ಕುಳಿತ ಅಪರಿಚಿತರ ಫೇಸ್‌ಬುಕ್ ಖಾತೆಗಳು ಒಂದೊಂದಾಗಿ ಪಕ್ಕದ ಪಟ್ಟಿಯಲ್ಲಿ ಕಾಣುತ್ತಿದ್ದವು, ಒತ್ತಿದರೆ ತೆರೆಯುತ್ತಿದ್ದವು. ಆ ಸಂಸ್ಥೆಗಳು ಗುಪ್ತಪದ ಬರೆಯುವ ಒಂದು ಪುಟಕ್ಕೆ ಮಾತ್ರ ಮರೆ ಕಟ್ಟಿ, ಉಳಿದ ದಾರಿಯನ್ನೆಲ್ಲ ಬಯಲಾಗಿ ಬಿಟ್ಟಿದ್ದುದೇ ಇದಕ್ಕೆ ಕಾರಣ. ಕಳ್ಳತನ ಕಲಿಸುವುದು ಬಟ್ಲರ್ ಅವರ ಉದ್ದೇಶವಾಗಿರಲಿಲ್ಲ. ಬಾಗಿಲು ತೆರೆದಿದೆಯೆಂದು ಮನೆಯವರಿಗೆ ತೋರಿಸುವುದಾಗಿತ್ತು. ಮುಂದಿನ ವರ್ಷಗಳಲ್ಲಿ ದೊಡ್ಡ ತಾಣಗಳೆಲ್ಲ ಒಂದೊಂದಾಗಿ ತಮ್ಮ ಪೂರ್ತಿ ದಾರಿಯನ್ನು ಮುಚ್ಚಿಕೊಂಡವು.

ನಮ್ಮ ನಾಡಿನದೇ ಇನ್ನೊಂದು ಪ್ರಸಂಗವಿದೆ. 2015ರ ಜೂನ್ ತಿಂಗಳಲ್ಲಿ ಬೆಂಗಳೂರಿನ ತಂತ್ರಜ್ಞ ತೇಜೇಶ್ ಜಿ. ಎನ್. ಅವರು ಏರ್‌ಟೆಲ್‌ನ ಮೊಬೈಲ್ ಸಂಪರ್ಕದ ಮೂಲಕ ತಮ್ಮದೇ ಜಾಲತಾಣವನ್ನು ನೋಡುತ್ತಿದ್ದಾಗ, ತಾವು ಬರೆಯದ ಕೆಲವು ಸಾಲುಗಳು ಪುಟದ ಒಳಗೆ ಸೇರಿಕೊಂಡಿರುವುದನ್ನು ಕಂಡರು. ಪುಟ ಹೊರಟಾಗ ಇಲ್ಲದ ಸಾಲು, ಪುಟ ತಲಪಿದಾಗ ಇತ್ತು. ಅಂದರೆ ದಾರಿಯಲ್ಲಿ ಸೇರಿತ್ತು. ಅವರು ಅದನ್ನು ಸಾರ್ವಜನಿಕವಾಗಿ ಪ್ರಕಟಿಸಿದರು. ಆ ಸಲಕರಣೆಯನ್ನು ಒದಗಿಸಿದ್ದ ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್ ಎಂಬ ಕಂಪನಿಯಿಂದ ಅವರಿಗೆ ವಕೀಲರ ನೋಟೀಸು ಬಂದಿತು. ಗ್ರಾಹಕರಿಗೆ ತಮ್ಮ ಡೇಟಾ ಬಳಕೆಯ ಲೆಕ್ಕ ತಿಳಿಸುವುದಕ್ಕಾಗಿ ನಡೆಸಿದ ಪ್ರಯೋಗ ಅದೆಂದು ಏರ್‌ಟೆಲ್ ಸಮಜಾಯಿಷಿ ನೀಡಿತು. ಉದ್ದೇಶದ ವಿಮರ್ಶೆ ಹಾಗಿರಲಿ. ಬಯಲುದಾರಿಯಲ್ಲಿ ಬರುವ ಪುಟದೊಳಗೆ, ಬರೆದವರಿಗೂ ತಿಳಿಯದೆ ಓದುವವರಿಗೂ ತಿಳಿಯದೆ, ಮೂರನೆಯವರು ತಮ್ಮ ಮಾತನ್ನು ಸೇರಿಸಬಹುದು ಎಂಬುದು ಆ ದಿನ ಕನ್ನಡ ನಾಡಿನಲ್ಲಿಯೇ ಸಾಬೀತಾಯಿತು. ಸಾಹಿತ್ಯ ಬಲ್ಲವರಿಗೆ ಇದರ ಗಾಂಭೀರ್ಯವನ್ನು ವಿವರಿಸಬೇಕಾಗಿಲ್ಲ. ಪ್ರಕ್ಷಿಪ್ತ ಭಾಗಗಳನ್ನು ಹುಡುಕಿ ತೆಗೆಯುವುದರಲ್ಲಿ ನಮ್ಮ ಗ್ರಂಥಸಂಪಾದಕರು ಆಯುಷ್ಯವನ್ನೇ ಸವೆಸಿದ್ದಾರೆ. ಇಲ್ಲಿ ಪ್ರಕ್ಷೇಪಕ್ಕೆ ಶತಮಾನಗಳು ಬೇಡ, ಒಂದು ಕ್ಷಣ ಸಾಕು.

ಇದಕ್ಕೆ ಪರಿಹಾರವೇನು? ಅದರ ಮಾದರಿ ನಮ್ಮ ಬೀದರಿನ ನೆಲದ ಕೆಳಗೇ ಇದೆ. ನೌಬಾದಿನ ಕರೇಜನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಬಹಮನಿ ಸುಲ್ತಾನರ ಕಾಲದಲ್ಲಿ, ಪರ್ಷಿಯದಿಂದ ಬಂದ ವಿದ್ಯೆಯ ಬಲದಿಂದ, ಜಂಬಿಟ್ಟಿಗೆ ಕಲ್ಲನ್ನು ಕೊರೆದು ಮಾಡಿದ ನೆಲದಾಳದ ಕಾಲುವೆ ಅದು. ತಾಯಿಬಾವಿಯಲ್ಲಿ ಒಸರಿದ ನೀರು ಇಳಿಜಾರಿನ ಬಲದಿಂದಲೇ ಕತ್ತಲೆಯ ಸುರಂಗದಲ್ಲಿ ಹರಿದು ಬರುತ್ತದೆ. ಮಧ್ಯೆ ಮಧ್ಯೆ, ಇಪ್ಪತ್ತಕ್ಕೂ ಮಿಕ್ಕಿ, ಗಾಳಿಬೆಳಕಿನ ಬಾವಿಗಳಿವೆ. ಬಯಲು ಕಾಲುವೆಯ ನೀರನ್ನು ದಾರಿಹೋಕ ಮೊಗೆಯಬಹುದು, ದನ ಕಲಕಬಹುದು, ವೈರಿ ವಿಷ ಹಾಕಬಹುದು. ನೆಲದಡಿಯ ನೀರಿಗೆ ಆ ಭಯ ಕಡಮೆ. ಎಚ್‌ಟಿಟಿಪಿಯ ಕೊನೆಗೆ 'ಎಸ್' ಎಂಬ ಒಂದೇ ಅಕ್ಷರ ಸೇರಿ ಎಚ್‌ಟಿಟಿಪಿಎಸ್ ಆದಾಗ ಆಗುವುದೂ ಇಷ್ಟೇ: ಪುಟಕ್ಕೆ ಒಂದು ಕರೇಜು ದೊರೆಯುತ್ತದೆ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿ ಅಂತರಜಾಲದ ವ್ಯಾಪಾರಕ್ಕಾಗಿ ಇದನ್ನು ಮೊದಲು ಕಟ್ಟಿತು.

ಈ ಸುರಂಗ ಮಣ್ಣುಕಲ್ಲಿನದಲ್ಲ, ಗಣಿತದ್ದು. ನಿಮ್ಮ ಬ್ರೌಸರೂ ದೂರದ ಯಂತ್ರವೂ ಮೊದಲ ಭೇಟಿಯಲ್ಲಿ ಕೆಲವು ಸಂಖ್ಯೆಗಳನ್ನು ಬದಲಾಯಿಸಿಕೊಂಡು, ಅವೆರಡಕ್ಕೆ ಮಾತ್ರ ತಿಳಿದ ಒಂದು ಕೀಲಿಯನ್ನು ಹೊಂದಿಸಿಕೊಳ್ಳುತ್ತವೆ. ಮುಂದಿನ ಮಾತೆಲ್ಲ ಆ ಕೀಲಿಯ ಗೂಢಲಿಪಿಯಲ್ಲಿ. ಇದರಿಂದ ಮೂರು ಲಾಭಗಳಿವೆ. ನಡುದಾರಿಯವರು ಒಕ್ಕಣೆಯನ್ನು ಓದಲಾರರು. ಒಂದು ಅಕ್ಷರವನ್ನು ಬದಲಿಸಿದರೂ ತಲಪಿದ ಕಡೆ ಗೊತ್ತಾಗುತ್ತದೆ. ಮೂರನೆಯದಾಗಿ, ಆಚೆಯ ತುದಿಯಲ್ಲಿರುವ ಯಂತ್ರ ವಿಳಾಸದಲ್ಲಿ ಬರೆದ ಹೆಸರಿನದೇ ಹೌದು ಎಂಬುದಕ್ಕೆ ಒಂದು ಪ್ರಮಾಣಪತ್ರ ದೊರೆಯುತ್ತದೆ. ನೀವು ಯಾವ ತಾಣಕ್ಕೆ ಹೋದಿರಿ ಎಂಬುದು ಮಾತ್ರ ಈಗಲೂ ಸಂಪರ್ಕದ ಕಂಪನಿಗೆ ಸಾಮಾನ್ಯವಾಗಿ ಕಾಣುತ್ತದೆ. ಅಲ್ಲಿ ಏನು ಓದಿದಿರಿ, ಏನು ಬರೆದಿರಿ ಎಂಬುದು ಕಾಣುವುದಿಲ್ಲ.

ಬಹುಕಾಲ ಈ ಪ್ರಮಾಣಪತ್ರಕ್ಕೆ ಹಣ ತೆರಬೇಕಾಗಿತ್ತು. ಬ್ಯಾಂಕುಗಳು ತೆತ್ತವು, ಬಡ ಸಂಸ್ಥೆಗಳು ಬಿಟ್ಟವು. 2015ರ ಡಿಸೆಂಬರಿನಲ್ಲಿ 'ಲೆಟ್ಸ್ ಎನ್‌ಕ್ರಿಪ್ಟ್' ಎಂಬ ಲಾಭರಹಿತ ಸೇವೆ ಎಲ್ಲರಿಗೂ ಉಚಿತವಾಗಿ ಪ್ರಮಾಣಪತ್ರ ಕೊಡತೊಡಗಿತು. ಬಡತನದ ನೆಪ ಹೋದ ಮೇಲೆ ಬ್ರೌಸರುಗಳು ದನಿ ಏರಿಸಿದವು. ಗೂಗಲಿನ ಕ್ರೋಮ್ 2017ರ ಜನವರಿಯಲ್ಲಿ, ಗುಪ್ತಪದವನ್ನೋ ಕಾರ್ಡಿನ ಸಂಖ್ಯೆಯನ್ನೋ ಕೇಳುವ ಬಯಲುಪುಟಗಳ ಮೇಲೆ 'ಸುರಕ್ಷಿತವಲ್ಲ' ಎಂದು ಬರೆಯತೊಡಗಿತು. 2018ರ ಜುಲೈಯಲ್ಲಿ ಎಲ್ಲ ಬಯಲುಪುಟಗಳಿಗೂ ಅದನ್ನು ವಿಸ್ತರಿಸಿತು. ಇಂಥ ಪುಟ ತೆರೆಯುವ ಮೊದಲೇ ಬಳಕೆದಾರನ ಅನುಮತಿ ಕೇಳುವ ಕ್ರಮವನ್ನು 2026ರ ಅಕ್ಟೋಬರಿನಿಂದ ಸಾಮಾನ್ಯಗೊಳಿಸುವುದಾಗಿ 2025ರಲ್ಲಿ ಪ್ರಕಟಿಸಿತು.

ಈಗ ಬಿಟ್ಟ ಸ್ಥಳವನ್ನು ತುಂಬಬಹುದು. 'ನಾಟ್ ಸೆಕ್ಯೂರ್' ಎಂಬ ವಾಕ್ಯದ ಕರ್ತೃಪದ 'ದಾರಿ'. ದಾರಿ ಸುರಕ್ಷಿತವಲ್ಲ, ಅಷ್ಟೆ. ದಾರಿಯ ಕೊನೆಯ ಮನೆಯ ವಿಷಯವಾಗಿ ಅದು ಒಳ್ಳೆಯದನ್ನೂ ಹೇಳಿಲ್ಲ, ಕೆಟ್ಟದ್ದನ್ನೂ ಹೇಳಿಲ್ಲ.

ಇದನ್ನು ಅರಿತರೆ ಎರಡು ತಪ್ಪುಗಳಿಂದ ಪಾರಾಗಬಹುದು. ಮೊದಲನೆಯದು, ಎಚ್ಚರಿಕೆ ಕಂಡೊಡನೆ ಆ ತಾಣದವರೇ ಕಳ್ಳರೆಂದು ತೀರ್ಮಾನಿಸುವುದು. ಹತ್ತು ವರ್ಷದ ಹಿಂದೆ ಯಾರೋ ಪ್ರೀತಿಯಿಂದ ಕಟ್ಟಿಕೊಟ್ಟು, ಆಮೇಲೆ ನೋಡುವವರಿಲ್ಲದೆ ಉಳಿದ ಶಾಲೆಯ ತಾಣ, ಗ್ರಂಥಾಲಯದ ಪಟ್ಟಿ, ಹಳೆಯ ವಚನಸಂಗ್ರಹ ಇಂಥವು ಈ ಮುದ್ರೆಗೆ ಗುರಿಯಾಗಬಹುದು. ಹೊರಗಿನ ಫಲಕ ನೋಡಿ ಒಳಗಿನದನ್ನು ಅಳೆಯಬಾರದೆಂಬುದನ್ನು ಭಾಲ್ಕಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಕಲಿಸುವುದು ಕಷ್ಟವಾಗಿದ್ದಾಗ, ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದ ಡಾ. ಚನ್ನಬಸವ ಪಟ್ಟದ್ದೇವರ ಕಥೆ ಈ ಸೀಮೆಯಲ್ಲಿ ಮನೆಮಾತು. ಇಂಥ ಸಜ್ಜನರ ಪುಟವನ್ನು ಓದುವುದಕ್ಕೆ ಅಡ್ಡಿಯಿಲ್ಲ. ಆದರೆ ದಾರಿ ಬಯಲೆಂಬುದನ್ನು ಮರೆಯದೆ, ಬಜಾರಿನ ನಡುವೆ ನಿಂತು ಕೂಗಿ ಹೇಳಲಾರದ ಯಾವುದನ್ನೂ ಅಲ್ಲಿ ಬರೆಯಬಾರದು: ಗುಪ್ತಪದ, ಆಧಾರ್, ಬ್ಯಾಂಕಿನ ಖಾತೆ, ಒಟಿಪಿ. ಅಂಥ ದಾರಿಯಲ್ಲಿ ಬಂದ ತಂತ್ರಾಂಶವನ್ನು ಇಳಿಸಿಕೊಳ್ಳಲೂ ಬಾರದು. ಪುಟದಲ್ಲಿ ಸಾಲು ಸೇರಿಸಬಲ್ಲವನು ಅದರಲ್ಲಿ ವಿಷವನ್ನೂ ಸೇರಿಸಬಲ್ಲ.

ಎರಡನೆಯ ತಪ್ಪು ಮೊದಲನೆಯದಕ್ಕಿಂತ ಅಪಾಯಕರ. ಎಚ್ಚರಿಕೆ ಇಲ್ಲದಿದ್ದರೆ ಮನೆಯೂ ಒಳ್ಳೆಯದೇ ಎಂದು ನಂಬುವುದು ಅದು. ಬಹುಕಾಲ ಮುಚ್ಚಿದ ದಾರಿಯ ಗುರುತಾಗಿ ಬ್ರೌಸರುಗಳು ಒಂದು ಪುಟ್ಟ ಬೀಗದ ಚಿತ್ರವನ್ನು ತೋರಿಸುತ್ತಿದ್ದವು. ಜನ ಆ ಬೀಗವನ್ನು ಸಾಧುತ್ವದ ಸರ್ಟಿಫಿಕೇಟೆಂದು ಓದಿಕೊಂಡರು. ಉಚಿತವಾಗಿ ದೊರೆಯುವ ಸುರಂಗ ಸಜ್ಜನನಿಗೆ ದೊರೆತಂತೆ ಠಕ್ಕನಿಗೂ ದೊರೆಯುತ್ತದೆ. ಇಂದು ಬ್ಯಾಂಕಿನ ವೇಷ ಹಾಕಿದ ಮೋಸದ ಪುಟಗಳಲ್ಲಿಯೂ ಬಹುಪಾಲು ಎಚ್‌ಟಿಟಿಪಿಎಸ್ ಇದ್ದೇ ಇರುತ್ತದೆ. ಜನರ ಈ ತಪ್ಪು ತಿಳಿವಳಿಕೆಯನ್ನು ಕಂಡು, ಕ್ರೋಮ್ 2023ರ ಸೆಪ್ಟೆಂಬರಿನಲ್ಲಿ ಬೀಗದ ಚಿತ್ರವನ್ನೇ ಗಣಕಗಳಿಂದ ತೆಗೆದು, ಬೇರೊಂದು ನಿರಪೇಕ್ಷ ಗುರುತನ್ನು ಇಟ್ಟಿತು. ಕರೇಜು ನೀರನ್ನು ದಾರಿಯಲ್ಲಿ ಕಾಯುತ್ತದೆ; ತಾಯಿಬಾವಿಯೇ ಕೆಟ್ಟಿದ್ದರೆ ಕೆಟ್ಟ ನೀರನ್ನೇ ಭದ್ರವಾಗಿ ಮನೆಗೆ ಮುಟ್ಟಿಸುತ್ತದೆ.

ಮುದ್ರೆ ಸರಿಯಿದ್ದ ಮಾತ್ರಕ್ಕೆ ಮಾತು ಸರಿಯಾಗದು ಎಂಬುದನ್ನು ಬೀದರ್ ಬಹಳ ದೊಡ್ಡ ಬೆಲೆ ತೆತ್ತು ಕಲಿತಿದೆ. ಪರ್ಷಿಯದ ಗೀಲಾನಿನಿಂದ ವರ್ತಕನಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಮಹಮೂದ್ ಗವಾನನ ಮದರಸಾ ಇಂದಿಗೂ ಊರ ನಡುವೆ ನಿಂತಿದೆ. 1472ರ ಕಟ್ಟಡ ಅದು. ಗವಾನ್ ಪತ್ರಲೇಖನದ ಕಲೆಯಲ್ಲಿ ನಿಷ್ಣಾತ. ಆತನ ಪತ್ರಗಳ ಸಂಕಲನ 'ರಿಯಾಜ್ ಉಲ್ ಇನ್ಷಾ' ಪಾರಸಿ ಸಾಹಿತ್ಯದಲ್ಲಿ ಹೆಸರಾದುದು. ಅಂಥವನ ಪ್ರಾಣವನ್ನು ತೆಗೆದದ್ದು ಒಂದು ಪತ್ರವೇ. ಆತನ ವೈರಿಗಳು ಮುದ್ರೆ ಕಾಯುವ ಸೇವಕನನ್ನು ಒಳಗೆ ಹಾಕಿಕೊಂಡು, ಬರಿಯ ಕಾಗದದ ಮೇಲೆ ಆ ಮುದ್ರೆಯನ್ನು ಒತ್ತಿಸಿಕೊಂಡರು. ಆಮೇಲೆ ಒರಿಸ್ಸಾದ ಅರಸನನ್ನು ರಾಜ್ಯದ ಮೇಲೆ ದಂಡೆತ್ತಿ ಬರಲು ಕರೆಯುವ ಒಕ್ಕಣೆಯನ್ನು ಅದರಲ್ಲಿ ತುಂಬಿದರು. ಸುಲ್ತಾನ ಮೂರನೆಯ ಮಹಮ್ಮದ್ ಷಾ ಪತ್ರವನ್ನು ಮುಂದೆ ಹಿಡಿದಾಗ, ಮುದ್ರೆ ತನ್ನದೇ ಹೌದು, ಪತ್ರ ಮಾತ್ರ ತಾನರಿಯೆನೆಂದು ಗವಾನ್ ಹೇಳಿದನೆಂದು ಇತಿಹಾಸಕಾರರು ಬರೆದಿದ್ದಾರೆ. ಸುಲ್ತಾನ ಮುದ್ರೆಯನ್ನು ನೋಡಿದ, ವಿಚಾರ ಮಾಡಲಿಲ್ಲ. 1481ರ ಏಪ್ರಿಲಿನಲ್ಲಿ ಗವಾನನ ತಲೆ ಉರುಳಿತು. ಒಂದು ವರ್ಷದಲ್ಲಿ ಸುಲ್ತಾನನೂ ಸತ್ತ. ರಾಜ್ಯ ಚೂರಾಗುತ್ತ ಹೋಯಿತು.

ಮುದ್ರೆ ಕಾಯುವವನ ಕೈ ಕೆಟ್ಟರೆ ಏನಾಗುತ್ತದೆಂಬ ಪ್ರಶ್ನೆ ಹಳೆಯ ಕಾಲದ್ದು ಮಾತ್ರವಲ್ಲ. ಅಂತರಜಾಲದ ಪ್ರಮಾಣಪತ್ರಗಳಿಗೂ ಮುದ್ರೆ ಒತ್ತುವ ಅಧಿಕಾರಿ ಸಂಸ್ಥೆಗಳಿವೆ. 2014ರ ಜುಲೈಯಲ್ಲಿ, ನಮ್ಮ ದೇಶದ ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರಿನ ಮುದ್ರೆಯಿಂದ ಗೂಗಲಿನ ಹೆಸರಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಟಿರುವುದನ್ನು ಗೂಗಲ್ ಪತ್ತೆಹಚ್ಚಿತು. ಮೇಲಿನ ಭಾರತೀಯ ನಿಯಂತ್ರಣಾಧಿಕಾರಿಗಳು ಆ ಕೇಂದ್ರದ ಮುದ್ರಾಧಿಕಾರವನ್ನು ಮರುದಿನವೇ ರದ್ದುಪಡಿಸಿದರು. ಇಂಥ ಪ್ರಸಂಗಗಳಿಂದ ಲೋಕ ಪಾಠ ಕಲಿತಿದೆ. 2018ರಿಂದ ಕ್ರೋಮ್, ಹೊರಡಿಸಿದ ಪ್ರತಿಯೊಂದು ಹೊಸ ಪ್ರಮಾಣಪತ್ರವೂ ಯಾರು ಬೇಕಾದರೂ ನೋಡಬಹುದಾದ ಬಹಿರಂಗ ದಫ್ತರದಲ್ಲಿ ದಾಖಲಾಗಬೇಕೆಂದು ಕಡ್ಡಾಯ ಮಾಡಿತು. ಮುದ್ರೆಯ ಆಯುಷ್ಯವನ್ನೂ ಕಡಮೆ ಮಾಡುತ್ತ ಬಂದಿದ್ದಾರೆ. 2025ರಲ್ಲಿ ಆದ ತೀರ್ಮಾನದಂತೆ 2029ರ ಮಾರ್ಚಿಗೆ ಅದು 47 ದಿನಕ್ಕೆ ಇಳಿಯಬೇಕು. ಗವಾನನ ಕಾಲದಲ್ಲಿ ಒತ್ತಿದ ಮುದ್ರೆಗಳನ್ನೆಲ್ಲ ದಾಖಲಿಸುವ ಬಹಿರಂಗ ದಫ್ತರವೊಂದಿದ್ದರೆ, ಆ ಬರಿಯ ಕಾಗದದ ಲೆಕ್ಕ ಯಾರಾದರೊಬ್ಬರ ಕಣ್ಣಿಗೆ ಬೀಳುತ್ತಿತ್ತೋ ಏನೋ.

ಇಷ್ಟು ತಿಳಿದ ಮೇಲೆ ಎಚ್ಚರಿಕೆಗಳನ್ನು ಬೇರೆ ಬೇರೆಯಾಗಿ ಓದುವುದು ಸುಲಭ. ಮೂರು ಬಗೆಗಳಿವೆ. ಮೊದಲನೆಯದು ಇದುವರೆಗೆ ಹೇಳಿದ 'ನಾಟ್ ಸೆಕ್ಯೂರ್'. ಅದರ ಕರ್ತೃಪದ ದಾರಿ. ಎರಡನೆಯದು ಪರದೆಯನ್ನೆಲ್ಲ ತುಂಬಿ, ನಿಮ್ಮ ಸಂಪರ್ಕ ಖಾಸಗಿಯಲ್ಲ ಎಂಬ ಅರ್ಥದ ಇಂಗ್ಲಿಷ್ ಮಾತಿನಲ್ಲಿ ಬರುತ್ತದೆ. ಅದರ ಕರ್ತೃಪದ ಮುದ್ರೆ. ಸುರಂಗವಿದೆ, ಆದರೆ ಆಚೆಯ ತುದಿಯವನು ತೋರಿಸಿದ ಪ್ರಮಾಣಪತ್ರ ಅವಧಿ ಮೀರಿದ್ದು, ಇಲ್ಲವೆ ಬೇರೆ ಹೆಸರಿನದು, ಇಲ್ಲವೆ ಗುರುತಿಲ್ಲದವರು ಕೊಟ್ಟದ್ದು ಎಂದು ಇದರ ಅರ್ಥ. ಇಲ್ಲಿ ಮೊದಲು ನೋಡಬೇಕಾದದ್ದು ಗಣಕದ ತಾರೀಖು. ಹಳೆಯ ಗಣಕಗಳ ಒಳಗಿನ ಪುಟ್ಟ ಬ್ಯಾಟರಿ ತೀರಿದಾಗ ಅವುಗಳ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಸರಿಯಾದ ಮುದ್ರೆಗಳೆಲ್ಲ ಅದಕ್ಕೆ ತಪ್ಪಾಗಿ ಕಾಣುತ್ತವೆ. ತಾರೀಖು ಸರಿಯಿದ್ದೂ ಎಚ್ಚರಿಕೆ ಬಂದರೆ, ಬಲವಂತವಾಗಿ ಮುಂದುವರಿಯಬಾರದು. ಸಂಸ್ಥೆಯವರು ಮುದ್ರೆಯ ನವೀಕರಣ ಮರೆತಿರಬಹುದು; ಅಥವಾ ನಡುವೆ ಯಾರೋ ನಿಂತಿರಬಹುದು. ಎರಡನ್ನೂ ಬೇರ್ಪಡಿಸುವ ಕಣ್ಣು ಸಾಮಾನ್ಯರಾದ ನಮಗಿಲ್ಲ. ಒಂದು ದಿನ ಕಾಯುವುದರಿಂದ, ಇಲ್ಲವೆ ಕಚೇರಿಗೆ ಫೋನ್ ಮಾಡಿ ಕೇಳುವುದರಿಂದ ನಷ್ಟವಿಲ್ಲ.

ಮೂರನೆಯದು ಪೂರ್ತಿ ಕೆಂಪು ಪುಟ. ಅದರ ಕರ್ತೃಪದ ಮಾತ್ರ ಮನೆ. ಮೋಸದ ತಾಣವೆಂದು ಈಗಾಗಲೇ ಗುರುತಿಸಿ ಪಟ್ಟಿಗೆ ಸೇರಿಸಿದ ವಿಳಾಸವಿದು ಎಂದು ಬ್ರೌಸರು ಹೇಳುತ್ತಿದೆ. ಅಲ್ಲಿಂದ ಹಿಂದಿರುಗುವುದೇ ಸರಿ. ಆದರೆ ನಿನ್ನೆ ಹುಟ್ಟಿದ ಮೋಸದ ತಾಣ ಇಂದಿನ ಪಟ್ಟಿಯಲ್ಲಿ ಇಲ್ಲದಿರಬಹುದು. ಆದುದರಿಂದ ಮನೆಯ ಪರೀಕ್ಷೆಯನ್ನು ಕೊನೆಗೆ ನಾವೇ ಮಾಡಬೇಕು.

ಆ ಪರೀಕ್ಷೆಗೂ ವ್ಯಾಕರಣವೇ ನೆರವಾಗುತ್ತದೆ. ತತ್ಪುರುಷ ಸಮಾಸದಲ್ಲಿ ಉತ್ತರಪದಕ್ಕೆ ಪ್ರಾಧಾನ್ಯ. 'ಅರಮನೆ' ಎಂದರೆ ಅರಸನಲ್ಲ, ಮನೆ. ಜಾಲತಾಣದ ವಿಳಾಸವೂ ಹಾಗೆಯೇ. ಆರಂಭದ ಎರಡು ಓರೆಗೆರೆಗಳನ್ನು ಬಿಟ್ಟು, ಮುಂದಿನ ಓರೆಗೆರೆಯವರೆಗೆ ಓದಿ, ಅದರ ಕೊನೆಯ ಭಾಗವನ್ನು ನೋಡಬೇಕು. ಮುಂದೆ 'ಕರ್ನಾಟಕ' ಎಂದೋ 'ಬೆಳೆವಿಮೆ' ಎಂದೋ ಏನನ್ನಾದರೂ ಯಾರಾದರೂ ಬರೆದುಕೊಳ್ಳಬಹುದು. ಒಡೆಯನ ಹೆಸರು ಕೊನೆಯಲ್ಲಿರುತ್ತದೆ. ರಾಜ್ಯ ಸರ್ಕಾರದ ತಾಣಗಳು ಸಾಮಾನ್ಯವಾಗಿ 'ಕರ್ನಾಟಕ ಡಾಟ್ ಗವ್ ಡಾಟ್ ಇನ್' ಎಂದು ಮುಗಿಯುತ್ತವೆ. ಬ್ಯಾಂಕುಗಳು ತಮ್ಮ ತಾಣಗಳನ್ನು 2025ರ ಅಕ್ಟೋಬರ್ 31ರ ಒಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಮುಗಿಯುವ ವಿಳಾಸಕ್ಕೆ ಬದಲಾಯಿಸಬೇಕೆಂದು ರಿಸರ್ವ್ ಬ್ಯಾಂಕು ಸೂಚಿಸಿತ್ತು. ವಿಳಾಸದ ಬಾಲವನ್ನು ಓದಲು ಕಲಿತ ತರುಣ ಅರ್ಧ ಮೋಸವನ್ನು ಹೊಸ್ತಿಲಿನಲ್ಲಿಯೇ ತಡೆದಂತೆ. ಇಷ್ಟರ ಮೇಲೂ ಹಣ ಹೋದರೆ, ತಡಮಾಡದೆ 1930 ಎಂಬ ಸಂಖ್ಯೆಗೆ ಫೋನ್ ಮಾಡಬೇಕು. ಸೈಬರ್ ವಂಚನೆಯ ದೂರಿಗಾಗಿ ಇಡೀ ದೇಶಕ್ಕೆ ಇರುವ ಸಂಖ್ಯೆ ಅದು. ಬೇಗ ತಿಳಿಸಿದಷ್ಟೂ ಹಣವನ್ನು ನಡುವೆ ತಡೆಹಿಡಿಯುವ ಸಂಭವ ಹೆಚ್ಚು.

ಸುರಂಗ ಕಾಯಲಾರದ ಇನ್ನೊಂದು ತಾಣವೂ ಇದೆ. ಅದು ನಾವು ಕುಳಿತ ಅಂಗಡಿಯ ಗಣಕವೇ. ಕರೇಜಿನ ಬಾಯಲ್ಲಿ ನಿಂತವನಿಗೆ ನೀರು ಕಂಡೇ ಕಾಣುತ್ತದೆ. ಗ್ರಾಹಕರ ಗುಪ್ತಪದವನ್ನು ಯಂತ್ರದಲ್ಲಿ ಉಳಿಸಿಡದಿರುವುದು, ಕೆಲಸ ಮುಗಿದೊಡನೆ ಖಾತೆಯಿಂದ ಹೊರಬರುವುದು, ಇಳಿಸಿಕೊಂಡ ಆಧಾರ್ ಪ್ರತಿಯನ್ನು ಅಳಿಸುವುದು, ಇವು ಸೆಂಟರ್ ನಡೆಸುವವರ ಧರ್ಮ. ಇದನ್ನು ಅವರಿಗೆ ನೆನಪಿಸುವುದು ಎದುರು ನಿಂತವರ ಹಕ್ಕು.

ಶಾಲೆ, ಸಂಘ, ಪ್ರಕಾಶನ, ಸಹಕಾರಿ ಬ್ಯಾಂಕುಗಳನ್ನು ನಡೆಸುವ ಹಿರಿಯರು ಈ ಮಾತನ್ನು ಕೇಳುತ್ತಿದ್ದರೆ, ಅವರಲ್ಲಿ ಒಂದು ಬಿನ್ನಹ. ನಿಮ್ಮ ತಾಣದ ನೆತ್ತಿಯಲ್ಲಿ 'ನಾಟ್ ಸೆಕ್ಯೂರ್' ಎಂದಿದ್ದರೆ ಅದನ್ನು ಸರಿಪಡಿಸುವುದಕ್ಕೆ ಪ್ರಮಾಣಪತ್ರದ ಖರ್ಚೇನೂ ಇಲ್ಲ. ಬಲ್ಲವರಿಗೆ ಬಹುಶಃ ಒಂದು ಮಧ್ಯಾಹ್ನದ ಕೆಲಸ. ಹಾಗೆಯೇ ಬಿಟ್ಟರೆ ಆಗುವ ಹಾನಿ ನಿಮ್ಮೊಬ್ಬರದಲ್ಲ. ಎಚ್ಚರಿಕೆಯನ್ನು ದಿನವೂ ದಾಟಿ ಬರುವಂತೆ ನಿಮ್ಮ ಜನರನ್ನು ನೀವೇ ಅಭ್ಯಾಸ ಮಾಡಿಸುತ್ತಿದ್ದೀರಿ. 'ದಿನಾ ಹಿಂಗೇ ಬರತದ' ಎಂಬ ಮಾತು ಹುಟ್ಟುವುದು ಅಲ್ಲಿ. ನಿಜವಾದ ಅಪಾಯ ಬಂದ ದಿನವೂ ಅವರು ಅದೇ ಮಾತನ್ನು ಹೇಳಿ ಅದೇ ಗುಂಡಿಯನ್ನು ಒತ್ತುತ್ತಾರೆ.

ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಕಿವಿಗೆ ಬೀಳುವ ಈ ಗಡಿಸೀಮೆಯಲ್ಲಿ, ಒಬ್ಬರಿಗೆ ತಿಳಿಯದ ಕಾಗದವನ್ನು ತಿಳಿದವರು ಓದಿ ಹೇಳುವುದು ಮೊದಲಿನಿಂದ ಬಂದ ಪದ್ಧತಿ. ತಂತಿ ಬಂದರೆ ಓದಿ ಹೇಳುತ್ತಿದ್ದರು, ಕೋರ್ಟಿನ ನೋಟೀಸು ಬಂದರೆ ಓದಿ ಹೇಳುತ್ತಿದ್ದರು. ಓದಿ ಹೇಳುವವನು ನಡುವೆ ಒಂದು ಸಾಲು ಬಿಟ್ಟರೆ ಕೇಳುವವನ ಹೊಲವೇ ಹೋಗಬಹುದಾಗಿತ್ತು. ಆದುದರಿಂದ ಅದನ್ನು ಧರ್ಮದ ಕೆಲಸವೆಂದು ತಿಳಿದು ಮಾಡುತ್ತಿದ್ದರು. ಪರದೆಯ ಮೇಲಿನ ಎಚ್ಚರಿಕೆಯೂ ಅಂಥದೇ ಒಂದು ಕಾಗದ. ಅದು ದಾರಿಯ ಮಾತೊ, ಮುದ್ರೆಯ ಮಾತೊ, ಮನೆಯ ಮಾತೊ ಎಂದು ನೋಡಿ, ಎದುರು ನಿಂತವರಿಗೆ ಅವರ ಭಾಷೆಯಲ್ಲಿ ಹೇಳಿದ ಮೇಲೆ ಮುಂದುವರಿಯಬೇಕೋ ಬೇಡವೋ ಎಂಬುದನ್ನು ಅವರೇ ನಿರ್ಧರಿಸಲಿ. ಆಧಾರ್ ಅವರದು, ಹೊಲ ಅವರದು, ಹಣವೂ ಅವರದು.